ರಸ್ತೆಯಾಚೆಯ ಕೊಸರು

ಬೆಳಗಿನ ಸೈಕಲ್ ಸುತ್ತು ಮುಗಿಸಿ ಬಂದರೆ ಕಾಯ್ತಾನ್ ಬಾರೆಟೊ ಮೊದಲೆಲ್ಲ ಚಹಾ ಕುಡಿದು ಮಲಗಿಬಿಡುತ್ತಿದ್ದ. ರಾತ್ರಿಯಿಡೀ ಬೇಕರಿಯ ಒಲೆಯ ಮುಂದೆ ನಿಂತವನಿಗೆ ಅದೊಂದೇ ನಿದ್ದೆ. ಪುರಸಭೆಯ ಚುನಾವಣೆಗೆ ನಿಂತ ಮೇಲೆ ಅದೂ ಹೋಯಿತು. ಹಿಟ್ಟು ಮೆತ್ತಿದ ಅಂಗಿ ಬಿಚ್ಚಿ, ಇಸ್ತ್ರಿ ಮಾಡಿದ್ದನ್ನು ತೊಟ್ಟು, ಬೆಳಿಗ್ಗೆ ಪಾವು ರೊಟ್ಟಿ ಕೊಟ್ಟು ಬಂದ ಗೇಟುಗಳಿಗೇ ವೋಟು ಕೇಳಲು ಮತ್ತೆ ಹೊರಡಬೇಕಾಗಿತ್ತು.

ಗೋವೆಯ ಕೇಪೆ ಪಟ್ಟಣದ ಅಂಚಿನಲ್ಲಿರುವ ಅವನ ಬೇಕರಿ ಅಜ್ಜನ ಕಾಲದ್ದು. ಅದರ ಮುಂದೆಯೇ ತೆರೆದ ಚರಂಡಿ. ಹಿಂದಿನ ಎರಡು ಮಳೆಗಾಲಗಳಲ್ಲಿ ಚರಂಡಿ ಉಕ್ಕಿ ನೀರು ಒಳಗೆ ನುಗ್ಗಿ, ಒಲೆಯ ನೆಲ ಬಿರುಕು ಬಿಟ್ಟಿತ್ತು. ಇನ್ನೊಂದು ಸಲ ನೀರು ಕುಡಿದರೆ ಈ ಒಲೆ ಎದ್ದು ನಿಲ್ಲುವುದಿಲ್ಲ ಎಂದು ಗಾರೆಯವನು ಹೇಳಿ ಹೋಗಿದ್ದ. ವಾರ್ಡಿನ ಕೌನ್ಸಿಲರ್ ಬಾಸಿಲಿಯೊ ಪ್ರತಿ ಸಲವೂ "ಈ ಬೇಸಿಗೆಯಲ್ಲಿ ಮಾಡಿಸೋಣ ಪಾತ್ರಾಂವ್" ಎಂದು, ಧಣಿಯೆಂದೇ ಕರೆದು, ಬೆನ್ನು ತಟ್ಟುತ್ತಿದ್ದ. ಬೆನ್ನು ಸವೆಯಿತೇ ಹೊರತು ಚರಂಡಿ ಹಾಗೆಯೇ ಇತ್ತು.

ಶಿಲುಬೆಯ ಕಟ್ಟೆಯ ಹತ್ತಿರ ಲದಾಯ್ನ್ ಪ್ರಾರ್ಥನೆ ಮುಗಿದು, ಬೇಯಿಸಿದ ಕಡಲೆ ಹಂಚುವಾಗ ವಾಡೆಯ, ಅಂದರೆ ಕೇರಿಯ, ಜನ ಮಾತು ತೆಗೆದರು. "ನಮ್ಮೆಲ್ಲರ ಗೇಟಿಗೂ ದಿನಾ ಬರೋನು ನೀನೊಬ್ಬನೇ. ನೀನೇ ನಿಲ್ಲು." ಗೇಟಿನಲ್ಲಿ ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಕಾಯ್ತಾನ್ ಅವತ್ತೂ ಇಲ್ಲ ಎನ್ನಲಿಲ್ಲ. ಅವನಿಗೆ ಸಿಕ್ಕಿದ್ದು ಹೊಲಿಗೆ ಯಂತ್ರದ ಗುರುತು.

"ಏನು, ಒಲೆ ಆರಿಸಿ ದರ್ಜಿ ಆದೆಯಾ? ನನ್ನ ಪ್ಯಾಂಟು ಸೊಂಟದಲ್ಲಿ ಬಿಗಿಯಾಗಿದೆ, ನೋಡು," ಎಂದು ಹೋಟೆಲಿನವರು ನಕ್ಕರು. ಅವನೂ ನಕ್ಕ. ನಗುವುದಕ್ಕೂ ಆಯಾಸವಾಗುತ್ತಿತ್ತು.

ತೊಂದರೆ ಶುರುವಾದದ್ದು ಕೊಸರಿನಿಂದ. ಡಜನ್ ಪಾವು ಕೊಂಡವರಿಗೆ ಒಂದು ಪಾವು ಕೊಸರು ಹಾಕುವುದು ಬಾರೆಟೊ ಮನೆತನದ ಪದ್ಧತಿ. "ಅದು ಗಿರಾಕಿಯದಲ್ಲ, ಗಿರಾಕಿಯ ಬಾಗಿಲಿಗೆ ಬಂದವರದು," ಎಂದು ಅವನ ಅಪ್ಪ ಹೇಳುತ್ತಿದ್ದ. ಅಭ್ಯರ್ಥಿಗಳ ಸಭೆಯಲ್ಲಿ ಅಧಿಕಾರಿ, ಮತದಾರರಿಗೆ ಒಂದು ಲೋಟ ಚಹಾ ಕೂಡ ಕೊಡಬಾರದು ಎಂದಾಗ ಕಾಯ್ತಾನ್ ಎದ್ದುನಿಂತು ಕೊಸರಿನ ವಿಷಯ ಕೇಳಿದ. ಸಭೆಯೆಲ್ಲ ನಕ್ಕಿತು. ಅಧಿಕಾರಿ ನಗು ತಡೆದುಕೊಂಡು, "ಮತದಾನ ಮುಗಿಯೋವರೆಗೂ ಬೇಡ ಬಿಡಿ," ಎಂದರು.

ಅವನು ಮನೆಗೆ ಬಂದು ಹೆಂಡತಿ ಪಿಯೆದಾದಳಿಗೆ ಹೇಳಿದ.

"ಅಷ್ಟೂ ಮನೆಗೆ ನಿಲ್ಲಿಸ್ತೀಯಾ?" ಎಂದಳು ಅವಳು.

ಕಾಯ್ತಾನ್ ಯೋಚಿಸಿದ. ಅವನು ಪಾವು ಹಾಕುವ ರಸ್ತೆಯ ಈಚೆ ಬದಿ ಮಾತ್ರ ಅವನ ವಾರ್ಡು, ಆಚೆ ಬದಿ ಬೇರೆ ವಾರ್ಡು. "ಆಚೆಯವರಿಗೆ ನನಗೆ ಹಾಕೋಕೆ ವೋಟೇ ಇಲ್ಲ. ಅವರಿಗೆ ಕೊಟ್ಟರೆ ಲಂಚ ಹೇಗಾಗುತ್ತೆ? ಅವರ ಕೊಸರು ಯಾಕೆ ತಪ್ಪಿಸಬೇಕು?"

"ಈಚೆಯವರು ನೋಡ್ತಾರಲ್ಲ?"

"ಕೇಳಿದರೆ ಕಾನೂನು ಹೇಳಿದರಾಯ್ತು."

ಯಾರೂ ಕೇಳಲಿಲ್ಲ. ಈಚೆಯ ಗೇಟಿನಲ್ಲಿ ನಿಂತವರು ಎಣಿಸಿಕೊಂಡರು, ಆಚೆಯ ಗೇಟಿನಲ್ಲಿ ಅವನ ಕೈ ಬುಟ್ಟಿಗೆ ಇನ್ನೊಮ್ಮೆ ಹೋಗುವುದನ್ನು ನೋಡಿದರು, ಒಳಗೆ ಹೋದರು. ಹತ್ತು ಗಂಟೆಗೆ ಅವನು ಕೈಮುಗಿದು ಬಂದಾಗ "ಆಗಲಿ, ಆಗಲಿ," ಎಂದರು. ಆ ಮಾತು ಎಲ್ಲ ಮನೆಗಳಲ್ಲೂ ಒಂದೇ ಥರ ಇತ್ತು. ಕಾಯ್ತಾನನಿಗೆ ಅದು ಹೊಳೆಯಲಿಲ್ಲ. ನಿದ್ದೆಗೆಟ್ಟ ಕಿವಿಗೆ ಆಗಲಿ ಎಂದದ್ದು ಆಗಲಿ ಎಂದೇ ಕೇಳಿಸಿತು.

ಬಾಯಿಬಿಟ್ಟು ಹೇಳಿದವಳು ಕ್ವಿತೇರಿಯಾ ಒಬ್ಬಳೇ. ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆಯ ಯಜಮಾನಿ, ವಾಡೆಗೆಲ್ಲ ಮಾಂಯ್, ಎಂದರೆ ಅಮ್ಮ. ಆ ಮನೆಯ ಮಾತು ಅಂದರೆ ಈಚೆ ಸಾಲಿನ ಮಾತು. ಪ್ರಚಾರ ಮುಗಿಯುವ ದಿನ ಅವನು ಅವಳ ಜಗಲಿಯ ಮೇಲೆ ಕೂತ. ಕೂತವನಿಗೆ ಏಳಲಾಗಲಿಲ್ಲ.

"ಗೆಲ್ಲೋ ಮೊದಲೇ ನಮ್ಮ ಪಾಲು ಕಿತ್ತುಕೊಂಡೆಯಲ್ಲೋ ಪುತಾ," ಎಂದಳು ಅವಳು, ಮೀನಿನ ಹುಳಿಗೆ ಕಾಯಿ ತುರಿಯುತ್ತ. "ಗೆದ್ದ ಮೇಲೆ ಗೇಟೂ ಕಿತ್ತುಕೊಂಡು ಹೋಗ್ತೀಯೇನೋ."

"ಕಾನೂನು ಮಾಂಯ್. ನಿಮಗೆ ವೋಟಿದೆ, ಕೊಟ್ಟರೆ ತಪ್ಪಾಗುತ್ತೆ. ಆಚೆಯವರಿಗೆ ಇಲ್ಲ."

"ಅಂದರೆ, ವೋಟು ಹಾಕೋಳಿಗೆ ಬೆನ್ನು, ಹಾಕದೋರಿಗೆ ಪಾವು. ಒಳ್ಳೇ ಕಾನೂನು." ಅವಳು ತುರಿಮಣೆ ಬದಿಗೆ ಸರಿಸಿದಳು. "ಆ ಪಾವು ನಾನು ತಿಂತಿದ್ದೆ ಅಂದುಕೊಂಡೆಯಾ? ಮೀನು ಹೊತ್ತು ಬರೋ ಸಾವಿತ್ರಿ ತಿಂತಿದ್ಲು. ಅವಳು ಬೆಳಿಗ್ಗೆಯಿಂದ ಹಸ್ಕೊಂಡಿರ್ತಾಳೆ. ಈಗ ನನ್ನ ಪಾಲಿನದು ಮುರಿದು ಕೊಟ್ಟರೆ ಬೇಡ ಅಂತಾಳೆ. ಕೊಸರೇ ಬೇರೆ, ಭಿಕ್ಷೆನೇ ಬೇರೆ."

ಅಪ್ಪನ ಮಾತು ಆಗ ಅವನಿಗೆ ನೆನಪಾಯಿತು.

ಮರುದಿನ ಬೆಳಿಗ್ಗೆ, ಮತದಾನಕ್ಕೆ ಒಂದೇ ದಿನ ಉಳಿದಿರುವಾಗ, ಪಿಯೆದಾದ್ ಈಚೆ ಸಾಲಿನ ಕೊಸರನ್ನೂ ಬುಟ್ಟಿಗೆ ತುಂಬಿದಳು. "ಕೊಟ್ಟುಬಿಡು. ಒಲೆ ಉಳೀಬೇಕಾದರೆ ಈ ಸಾಲು ಬೇಕು."

ಅವನು ಕ್ವಿತೇರಿಯಾಳ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ ಹಾರ್ನ್ ಒತ್ತಿದ. ಡಜನ್ ಎಣಿಸಿದ. ಕೈ ಬುಟ್ಟಿಯೊಳಗೆ ಹೋಯಿತು. ಪಾವು ಕೈಗೆ ಸಿಕ್ಕಿತು. ಇಷ್ಟು ದಿನ ಕೊಡದೆ, ವೋಟಿನ ಮುನ್ನಾದಿನ ಕೊಟ್ಟರೆ ಆಗ ಇದು ನಿಜಕ್ಕೂ ಲಂಚ ಅಂತ ಅವನಿಗೆ ಅನ್ನಿಸಿತು. ಕಾನೂನು ಸುಮ್ಮನಿದ್ದರೂ ಮಾಂಯ್ ಸುಮ್ಮನಿರುವವಳಲ್ಲ. ಅವನು ಪಾವನ್ನು ಅಲ್ಲೇ ಬಿಟ್ಟು, ಬರಿಗೈ ಹೊರತೆಗೆದ. ಕ್ವಿತೇರಿಯಾ ಕೈಯನ್ನೂ ನೋಡಿದಳು, ಮುಖವನ್ನೂ ನೋಡಿದಳು, ಒಳಗೆ ಹೋದಳು.

ಬಾಸಿಲಿಯೊ ಗೆದ್ದ. ವಾಡೆಯಲ್ಲಿ ಪಟಾಕಿ ಸುಟ್ಟರು. ಕಾಯ್ತಾನ್ ಬಹಳ ದಿನಗಳ ಮೇಲೆ ಮಧ್ಯಾಹ್ನ ಮಲಗಿದ, ಪಟಾಕಿಗೂ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಎರಡೂ ಬದಿಗೆ ಕೊಸರು ತುಂಬಿಕೊಂಡು ಹೊರಟ. ಕ್ವಿತೇರಿಯಾ ಗೇಟಿಗೆ ಬಂದು, ಡಜನ್ ಮೇಲೆ ಬಿದ್ದ ಪಾವನ್ನು ಎತ್ತಿ ಹಿಡಿದಳು.

"ಇದು ಸೋತದ್ದಕ್ಕಾ?"

"ಅಲ್ಲ ಮಾಂಯ್. ದಿನದ್ದು."

"ನಾನು ಬಾಸಿಲಿಯೊಗೆ ಹಾಕಿದೆ. ಮುಚ್ಚಿಡೋದಿಲ್ಲ."

"ಗೊತ್ತಾಯ್ತು ಮಾಂಯ್."

"ಅವತ್ತು ಕೊಟ್ಟಿದ್ದರೂ ಅವನಿಗೇ ಹಾಕ್ತಿದ್ದೆ. ಪಾವು ತಗೊಂಡು ಮುಖಕ್ಕೆ ಎಸೀತಿದ್ದೆ," ಎಂದಳು. ಆಮೇಲೆ ದನಿ ತಗ್ಗಿಸಿ, "ನಾಳೆಯಿಂದ ಬೇಗ ಬಾ. ನೀನು ನಿಂತಾಗಿನಿಂದ ನಮಗೆ ತಣ್ಣಗಿನ ಪಾವೇ," ಎಂದು, ಕೊಸರನ್ನು ಮಾತ್ರ ಬೇರೆ ಬಟ್ಟೆಯಲ್ಲಿ ಸುತ್ತಿ ಗೇಟಿನ ಕಂಬದ ಮೇಲೆ ಇಟ್ಟಳು. ಸಾವಿತ್ರಿ ಬರುವ ಹೊತ್ತಾಗಿತ್ತು.

ಕಾಯ್ತಾನ್ ರಸ್ತೆ ದಾಟಿದ. ಆಚೆ ಬದಿಯ ಜನ ಒಬ್ಬೊಬ್ಬರಾಗಿ ಗೇಟಿಗೆ ಬಂದು ಸಮಾಧಾನ ಹೇಳಿದರು. "ನಮಗೆ ವೋಟಿದ್ದಿದ್ದರೆ ನಿನಗೇ ಹಾಕ್ತಿದ್ವಿ ಕಾಯ್ತಾನ್. ಕಣ್ಣು ಮುಚ್ಚಿಕೊಂಡು." ಎಲ್ಲ ಗೇಟುಗಳಲ್ಲೂ ಅದೇ ಮಾತು. ಅವನು ಎಲ್ಲರಿಗೂ ತಲೆಯಾಡಿಸಿ, ಡಜನ್ ಎಣಿಸಿ, ಮೇಲೊಂದು ಹಾಕಿದ.

ಬುಟ್ಟಿ ಖಾಲಿಯಾದ ಮೇಲೆ ಬೇಕರಿಗೆ ಮರಳಿದ. ಚರಂಡಿಯ ಮೇಲೆ ಹಾಸಿದ್ದ ಹಲಗೆ ಒಂದು ಬದಿಗೆ ವಾಲಿತ್ತು. ಸೈಕಲ್ಲನ್ನು ಎತ್ತಿಕೊಂಡು ದಾಟಿ, ಮಳೆಗೆ ಮುಂಚೆ ಬಾಗಿಲಿಗೆ ಎಷ್ಟು ಎತ್ತರದ ಹೊಸ್ತಿಲು ಕಟ್ಟಬೇಕಾದೀತು ಎಂದು ಮೊಣಕಾಲಿನ ಹತ್ತಿರ ಕೈ ಹಿಡಿದು ನೋಡಿದ. ಆಮೇಲೆ ಚಹಾ ಕುಡಿದು ಮಲಗಿದ.