ಮರಗಟ್ಟಿದ ತುಟಿಯ ಅಳತೆ

ಡಾಕ್ಟರ್ ‘ಕನ್ನಡಿ ತೋರಿಸಿ’ ಎಂದಿದ್ದರೋ, ‘ತೋರಿಸಬೇಡಿ’ ಎಂದಿದ್ದರೋ?

ನಮ್ಮ ಮನೆಯಲ್ಲಿ ಇದಿನ್ನೂ ತೀರ್ಮಾನವಾಗಿಲ್ಲ. ತೋರಿಸಬೇಡಿ ಎಂದರು ಅಂತ ನಾನು. ತೋರಿಸಿ ಎಂದರು ಅಂತ ನನ್ನ ಹೆಂಡತಿ ಶೋಭಾ. ಹುಬ್ಬಳ್ಳಿಯ ಆ ಕ್ಲಿನಿಕ್‌ನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ. (ನನ್ನ ಕಿವಿಯ ಬಗ್ಗೆ ಅವಳ ಅಭಿಪ್ರಾಯ ಬೇರೆ.)

ಎಂ.ಎಸ್ಸಿ. ಓದುವಾಗ ಒಂದು ಮಾತು ತಲೆಗೆ ತುಂಬಿದ್ದರು: ಕಂಡದ್ದನ್ನು ಕಂಡಲ್ಲಿಯೇ ಬರೆದುಕೊಳ್ಳಿ, ನೆನಪನ್ನು ನಂಬಬೇಡಿ. ಸರಿಯೇ. ಆದರೆ ಮಗಳ ಹಲ್ಲು ತೋರಿಸಲು ಹೋಗುವಾಗ ಯಾವ ಅಪ್ಪ ನೋಟ್‌ಬುಕ್ ಒಯ್ಯುತ್ತಾನೆ? ಹಾಗಾಗಿ ಇಲ್ಲಿನ ಕೆಲವು ಮಾತು ಹಿಂದುಮುಂದಾಗಿರಬಹುದು. ಶೋಭಾಳ ಆವೃತ್ತಿ ಬೇಕೆನ್ನುವವರು ನಮ್ಮೂರು ಗುಡಗೇರಿಗೆ ಬಂದು ಅವಳನ್ನೇ ಕೇಳಿ. ಚಹಾ ಸಿಗುತ್ತದೆ.

ನಮ್ಮ ಸಮೂಗೆ ಆರು ವರ್ಷ. ಕೆಳದವಡೆಯ ಒಂದು ಹಾಲುಹಲ್ಲು ಹುಳುಕಾಗಿತ್ತು. ಡಾಕ್ಟರ್ ಇಂಜೆಕ್ಷನ್ ಕೊಟ್ಟು, ಹುಳುಕು ತೆಗೆದು, ಸಿಮೆಂಟ್ ತುಂಬಿದರು. ಹುಡುಗಿ ಒಮ್ಮೆಯೂ ಅಳಲಿಲ್ಲ. ಬೆವರಿದವನು ನಾನು.

“ಎರಡು ಮೂರು ತಾಸು ಜುಮ್ಮ್ ಹಿಡದಿರ್ತೈತ್ರಿ,” ಎಂದರು ಡಾಕ್ಟರ್. “ಅಷ್ಟೊತ್ತನಾ ತಿನ್ನಾಕ ಏನೂ ಕೊಡಬ್ಯಾಡ್ರಿ. ಮುಖ್ಯ ಅಂದ್ರ, ತುಟಿ ಕಚ್ಚಿಕೊಳ್ಳಲಾರದಂಗ ನೋಡ್ಕೋರಿ. ಹುಡುಗರಿಗೆ ಗೊತ್ತಾಗೂದಿಲ್ಲ, ಜಗದು ಗಾಯ ಮಾಡ್ಕೋತಾವ.” ಆಮೇಲೆ ಕನ್ನಡಿಯ ಬಗ್ಗೆ ಏನೋ ಹೇಳಿದರು. ಆ ‘ಏನೋ’ದಲ್ಲಿಯೇ ನಾವು ಇನ್ನೂ ಸಿಕ್ಕಿಕೊಂಡಿದ್ದೇವೆ.

ಊರಿಗೆ ಮರಳುವ ರೈಲಿನಲ್ಲಿ ಸಮೂ ನನ್ನ ತೋಳು ಜಗ್ಗಿದಳು.

“ಅಪ್ಪಾ, ನನ್ನ ತುಟಿಗೆ ಏನಾಗೇತಿ?” ತುಟಿ ಕೂಡದೆ ‘ಅಪ್ಪಾ’ ಎಂಬುದು ‘ಅಫ್ಫಾ’ ಆಗಿತ್ತು.

“ಏನಿಲ್ಲ ಪುಟ್ಟಿ. ತುಟಿ ಮರಗಟ್ಟೇತಿ, ಅಷ್ಟ. ತಾನ ಸರಿ ಆಗ್ತೈತಿ.”

ಡಾಕ್ಟರ್ ಬಾಯಲ್ಲಿ ‘ಜುಮ್ಮು’ ಎಂಬ ಒಳ್ಳೆಯ ಶಬ್ದವಿತ್ತು. ನನಗದು ಸಾಲಲಿಲ್ಲ. ವಾರವಾರ ಪತ್ರಿಕೆಗೆ ಬರೆಯುವವನ ಬಾಯಿಗೆ ಪುಸ್ತಕದ ಶಬ್ದವೇ ಮೊದಲು ಬರುತ್ತದೆ, ಏನು ಮಾಡುವುದು? ಸಮೂ ಶೋಭಾಳ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯತ್ತ ತಿರುಗಿದಳು. ಎಷ್ಟು ಶಾಣ್ಯಾ ಕೂಸು ಎಂದುಕೊಂಡೆ.

ಮನೆ ಮುಟ್ಟಿದಾಗ ನಮ್ಮವ್ವ ಪಡಸಾಲೆಯಲ್ಲಿ ಕೂತು ಹೆಸರುಕಾಳು ಕೇರುತ್ತಿದ್ದಳು. ಅವಳ ಕೈಯಲ್ಲಿದ್ದುದನ್ನು ನೋಡಿದ್ದೇ ಸಮೂ ಹೋ ಎಂದು ಅಳತೊಡಗಿದಳು. ಇಂಜೆಕ್ಷನ್ನಿಗೆ ಅಳದವಳು!

“ಯಾಕ ನನ್ನವ್ವಾ, ಭಾಳ ಬ್ಯಾನಿ ಆಗಾಕತ್ತೈತೇನ?” ಎಂದಳು ಅವ್ವ. ಸಮೂ ತಲೆ ಅಲ್ಲಾಡಿಸಿದಳು. ಬ್ಯಾನಿ ಇಲ್ಲವಂತೆ. ಮತ್ತೇನು?

ನಾನು ಅಷ್ಟರಲ್ಲಿ ನನ್ನ ಕರ್ತವ್ಯಕ್ಕೆ ಓಡಿದ್ದೆ. ಕೈಕಾಲು ತೊಳೆಯುವ ಮೋರಿಯ ಮೇಲಿನ ಕನ್ನಡಿಯನ್ನು ಮೊಳೆಯಿಂದ ಕಳಚಿ ಬಟ್ಟೆ ಇಡುವ ಟ್ರೆಜರಿಯ ಹಿಂದೆ ಇಟ್ಟೆ. ಕನ್ನಡಿ ಕಂಡರೆ ಮಕ್ಕಳು ತುಟಿ ಹಿಡಿದು ಜಗ್ಗುತ್ತವೆ, ಅದಕ್ಕೇ ಡಾಕ್ಟರ್ ಬೇಡ ಎಂದದ್ದು. (ಈ ಕಾರಣ ಡಾಕ್ಟರ್ ಕೊಟ್ಟದ್ದೋ, ನಾನೇ ಹೆಣೆದದ್ದೋ, ಈಗ ಹೇಳಲಾರೆ.)

“ಅಪ್ಪಾ, ಕನ್ನಡಿ ಎಲ್ಲಿ?”

“ಕನ್ನಡಿ ಈಗ ಬ್ಯಾಡ ಪುಟ್ಟಿ. ನೋಡ್ಕೋಬಾರ್ದು.”

ಈಗ ನೀವೇ ಹೇಳಿ. ನಿಮ್ಮ ಮುಖಕ್ಕೆ ಏನೋ ಆಗಿದೆ. ಮನೆಯವರು ಕನ್ನಡಿ ಬಚ್ಚಿಟ್ಟು ‘ನೋಡಿಕೊಳ್ಳಬಾರದು’ ಎನ್ನುತ್ತಿದ್ದಾರೆ. ನೀವು ಏನೆಂದುಕೊಳ್ಳುತ್ತೀರಿ?

ಸಮೂ ಬಾಯಿಗೆ ಟವೆಲ್ ಒತ್ತಿಕೊಂಡು ಮೂಲೆಯಲ್ಲಿ ಕೂತಳು. ನಾನು ಐದೈದು ನಿಮಿಷಕ್ಕೆ ಹೋಗಿ ನೋಡುತ್ತಿದ್ದೆ. ಓಡಾಟವಿಲ್ಲ, ಗಲಾಟೆಯಿಲ್ಲ. “ಶಾಣ್ಯಾ ಐತಿ ನಮ್ಮ ಹುಡುಗಿ” ಎಂದು ಹೊಗಳುತ್ತಿದ್ದೆ. ತುಟಿ ಕಾಯಬೇಕಾದವನು ಟವೆಲ್ ಕಾಯುತ್ತಿದ್ದೆ.

ಕಂಡುಹಿಡಿದವಳು ಶೋಭಾ. ಗಂಜಿ ಆರಿಸಲು ಇಟ್ಟು ಬಂದವಳು ಟವೆಲ್ಲಿನ ಮೇಲೆ ಕೆಂಪು ನೋಡಿದಳು. ಎಳೆದರೆ, ಕೆಳತುಟಿಯ ಒಳಮೈ ಹಲ್ಲಿಗೆ ಸಿಕ್ಕು ಜಜ್ಜಿಹೋಗಿ ರಕ್ತ ಒಸರುತ್ತಿತ್ತು.

“ಅಯ್ಯ ದೇವರ! ಯಾಕ ಕಚ್ಚಿದಿ ಲೇ? ಕಚ್ಚಬ್ಯಾಡಂತ ಹೇಳಿದ್ದಿಲ್ಲೇನ?”

“ಸಣ್ಣದ ಮಾಡಾಕತ್ತೇನಿ,” ಎಂದಳು ಸಮೂ.

“ಏನ ಸಣ್ಣದ?”

“ತುಟಿ. ನಾಳೆ ಸಾಲ್ಯಾಗ ಎಲ್ಲಾರೂ ನಗ್ತಾರ. ಅಪ್ಪಾನ ಹೇಳ್ಯಾನ, ಮರದಷ್ಟ ಆಗೇತಂತ.” ಅವಳ ಬೆರಳು ನಮ್ಮವ್ವನ ಕೈಯಲ್ಲಿದ್ದುದರತ್ತ ಚಾಚಿತ್ತು.

ನಮ್ಮ ಕಡೆಯವರಲ್ಲದ ಓದುಗರಿಗೆ ಇಲ್ಲೊಂದು ಮಾತು. ನಮ್ಮಲ್ಲಿ ನೀವು ಮರ ಎನ್ನುವುದಕ್ಕೂ ಗಿಡ ಎಂದೇ ಅನ್ನುತ್ತಾರೆ. ಅದು ಅಂಗಳದ ತುಳಸಿಯೇ ಇರಲಿ, ಊರ ಹೊರಗಿನ ಆಲವೇ ಇರಲಿ. ಮರ ಎಂದರೆ ಕಾಳು ಕೇರುವ ಮರ. ನೀವು ಮೊರ ಎನ್ನುತ್ತೀರಲ್ಲ, ಅದು. ಒಂದು ಮೊಳ ಅಗಲದ್ದು. ಜುಮ್ಮು ಹಿಡಿದು ತುಟಿ ದಪ್ಪದಪ್ಪ ಅನ್ನಿಸುತ್ತಿದ್ದ ಹುಡುಗಿಗೆ ಸ್ವಂತ ಅಪ್ಪನೇ ‘ಮರಗಟ್ಟೇತಿ, ಅಷ್ಟ’ ಎಂದು ಅದರ ಅಳತೆ ಹೇಳಿಬಿಟ್ಟಿದ್ದ!

“ಅದು ಆ ಮರ ಅಲ್ಲ ಪುಟ್ಟಿ,” ಎಂದೆ. “ಗಿಡದ ಮರ. ಕಟ್ಟಿಗಿಯಂಗ ಆಗೇತಿ ಅಂತ ಅರ್ಥ.”

“ಹಂಗಾರ ಗಿಡಗಟ್ಟೇತಿ ಅನಬೇಕಿತ್ತು.”

ವ್ಯಾಕರಣವೂ ಅವಳ ಪಕ್ಷವೇ.

“ಎಮ್ಮೆಸ್ಸಿ ಕಲ್ತಾನಂತ!” ಅವ್ವ ಶುರು ಮಾಡಿದಳು. “ಕೂಸಿಗೆ ಒಂದ ಮಾತ ನೆಟ್ಟಗ ಹೇಳಾಕ ಬರೂದಿಲ್ಲ. ಜುಮ್ಮ್ ಹಿಡದೈತಿ ಅಂದಿದ್ರ ನಿನ್ನ ಗಂಟೇನ ಹೋಗತಿತ್ತೋ?” ಆಮೇಲೆ ಕಾಳನ್ನು ಬುಟ್ಟಿಗೆ ಸುರಿದು, ಬರಿದಾದ ಮರ ಹಿಡಿದುಕೊಂಡೇ ಎದ್ದಳು. “ಬಾ ನನ್ನವ್ವಾ, ಅಳದ ನೋಡೂಣು. ಲೇ, ನೀನು ಕನ್ನಡಿ ತಾ.”

ಕನ್ನಡಿ ತಂದೆ. ಅವ್ವ ಮರವನ್ನು ಸಮೂಳ ಮುಖಕ್ಕೆ ಹಿಡಿದಳು. ಮುಖ, ಜಡೆ, ಕುತ್ತಿಗೆ ಎಲ್ಲಾ ಅದರ ಹಿಂದೆ ಮಾಯ.

“ತುಟಿನ ಇಷ್ಟ ಇದ್ರ ಮಾರಿ ಎಲ್ಲಿ ಇಟಗೋತಿದ್ದಿ ಬೇ?”

ಮರದ ಹಿಂದಿನಿಂದ ಕಿಸಕ್ಕೆಂದು ನಗು. ಮರ ಸರಿಯಿತು, ಕನ್ನಡಿ ಬಂತು. ಸಮೂ ಬಹಳ ಹೊತ್ತು ನೋಡಿಕೊಂಡಳು. ಓರೆ ನೋಡಿದಳು, ನೇರ ನೋಡಿದಳು. ತುಟಿಯನ್ನು ಜಗ್ಗಲಿಲ್ಲ, ಬೆರಳ ತುದಿಯಿಂದ ಮುಟ್ಟಿದಳಷ್ಟೇ. ಆಮೇಲೆ ತೀರ್ಪು ಕೊಟ್ಟಳು:

“ಕನ್ನಡ್ಯಾಗ ಸಣ್ಣದೈತಿ. ಬಾಯಾಗ ದೊಡ್ಡದೈತಿ.”

ಮೂವರೂ ನಕ್ಕೆವು. ನಾನು ಒಂದು ಹೆಜ್ಜೆ ಮುಂದೆ ಹೋಗಿ, “ಬಾಯಾಗ ಏನೂ ದೊಡ್ಡದಿಲ್ಲ, ಅದು ಬರೇ ಅನಸ್ತೈತಿ” ಎಂದು ಪಾಠ ಮಾಡಿದೆ. ಸಮೂ ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಕಚ್ಚುವುದನ್ನಂತೂ ಬಿಟ್ಟಳು. ಜುಮ್ಮು ಇಳಿಯುವವರೆಗೆ ಕನ್ನಡಿ ಅವಳ ತೊಡೆಯ ಮೇಲೆಯೇ ಇತ್ತು. ಇಳಿದ ಮೇಲೆ ಎರಡು ಬಟ್ಟಲು ಗಂಜಿ ಕುಡಿದಳು. ಮರುದಿನ ಕಚ್ಚಿದ ಕಡೆ ನಿಜವಾಗಿಯೇ ಊದಿತ್ತು. ಫೋನ್ ಮಾಡಿದರೆ ಡಾಕ್ಟರ್, “ಹೆದರಬ್ಯಾಡ್ರಿ, ಖಾರ ಕೊಡಬ್ಯಾಡ್ರಿ, ಆರ್ತೈತಿ” ಎಂದರು. ಶಾಲೆಗೆ ಹೋದಳು. ಯಾರೂ ನಗಲಿಲ್ಲವಂತೆ. ಒಬ್ಬ ಗೆಳತಿ ಮಾತ್ರ ತನಗೂ ಇಂಜೆಕ್ಷನ್ ಬೇಕೆಂದಳಂತೆ.

ಆದರೆ ಸಮೂಳ ಆ ನೋಟ ನನ್ನನ್ನು ಬಿಡಲಿಲ್ಲ. ಮಕ್ಕಳು ಬಿದ್ದಾಗ ನಾವು ಮೊದಲು ಏನನ್ನುತ್ತೇವೆ? “ಏನೂ ಆಗಿಲ್ಲ, ಏಳು.” ಯಾರಿಗೆ ಆಗಿಲ್ಲ? ಬಿದ್ದದ್ದು ಅವರು, ವರದಿ ಕೊಡುವುದು ನಾವು. ಹೊಟ್ಟೆನೋವು ಎಂದರೆ ಶಾಲೆಗೆ ಚಕ್ಕರ್ ಎನ್ನುತ್ತೇವೆ, ಹೆದರಿಕೆ ಎಂದರೆ ಕಥೆ ಎನ್ನುತ್ತೇವೆ. ದೊಡ್ಡವರು “ಬಿ.ಪಿ. ಏರಿದಂಗ ಅನಸ್ತೈತಿ” ಎಂದರೆ ಮಾತ್ರ ಗಾಡಿ ತೆಗೆಯುತ್ತೇವೆ. ಎಲ್ಲವನ್ನೂ ಅನುಮಾನಿಸುವ ನಾನು ಸಮೂಳ ಮಾತು ಬಿಟ್ಟು ಕನ್ನಡಿಯನ್ನು ಮಾತ್ರ ಯಾಕೆ ನಂಬಿದೆ?

ಮುಂದಿನ ವಾರ ಹಲ್ಲು ತೋರಿಸಲು ಮತ್ತೆ ಹೋದೆವು. ತುಟಿ ಆರಿತ್ತು. ಕನ್ನಡಿಯ ವ್ಯಾಜ್ಯವನ್ನು ಡಾಕ್ಟರ್ ಮುಂದಿಟ್ಟೆವು. ಅವರು ತಲೆ ಕೆರೆದುಕೊಂಡರು. “ದಿನಾ ಎಷ್ಟೋ ಮಂದಿಗೆ ಹೇಳ್ತೇನ್ರಿ. ನಿಮಗ ಏನ ಹೇಳೇನಂತ ನನಗ ನೆನಪಿಲ್ಲ.” ಶೋಭಾ ನನ್ನನ್ನು ನೋಡಿದಳು, ನಾನು ಸೀಲಿಂಗ್ ನೋಡಿದೆ. ನಾನು ಮಾತಾಡುವಾಗ ಡಾಕ್ಟರ ಕಣ್ಣು ನನ್ನ ಬಾಯೊಳಗೇ ಇತ್ತು. “ಸರ, ನೀವೂ ಒಮ್ಮೆ ಕೂಡ್ರಿ. ಹಿಂದಿನ ದವಡಿ ಹಲ್ಲು ಕರ್ರಗ ಕಾಣಾಕತ್ತೈತಿ.”

ಕೂತೆ. ಅದೇ ಕುರ್ಚಿ, ಅದೇ ಇಂಜೆಕ್ಷನ್. ಸಮೂ ನನ್ನ ಕೈ ಹಿಡಿದು ನಿಂತಿದ್ದಳು. ಹತ್ತು ನಿಮಿಷಕ್ಕೆ ಕೆಳತುಟಿ ಜುಮುಗುಟ್ಟಿತು, ಆಮೇಲೆ ಉಬ್ಬತೊಡಗಿತು.

ಉಳಿದದ್ದರ ಬಗ್ಗೆ ಅನುಮಾನವಿರಲಿ, ಇದನ್ನು ಮಾತ್ರ ಖುದ್ದಾಗಿ ಪರೀಕ್ಷಿಸಿ ಖಾತ್ರಿ ಮಾಡಿಕೊಂಡಿದ್ದೇನೆ: ಮರಕ್ಕಿಂತ ಒಂದಂಗುಲ ದೊಡ್ಡದೇ ಇತ್ತು.