ಅಂಗೈಗಳ ನಡುವಿನ ಜಾಗ

ಶಿರಸಿಯ ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದವರು ಎರಡೂ ಅಂಗೈಗಳನ್ನು ತುಸು ಅಂತರದಲ್ಲಿ ಹಿಡಿದೇ ಮಾತು ಆರಂಭಿಸುತ್ತಿದ್ದರು: “ಎಂತ ಇದ್ದು ಕೇಳಡ, ಹ್ಯಾಂಗೆ ಕುಂತಿದ್ದು ಕೇಳು.” ವಸ್ತುವಿನಲ್ಲಿ ಏನಿದೆ ಎನ್ನುವುದಕ್ಕಿಂತ ಅದು ಹೇಗೆ ಜೋಡಣೆಯಾಗಿದೆ ಎಂಬುದೇ ಅವರಿಗೆ ಮುಖ್ಯ.

ನೀರಿನಿಂದ ಆಮ್ಲಜನಕ ಬಿಡಿಸುವ ಮ್ಯಾಂಗನೀಸ್ ಆಕ್ಸೈಡ್ ಪುಡಿಯನ್ನು ವಿಜ್ಞಾನ ಪ್ರದರ್ಶನಕ್ಕೆ ಸಿದ್ಧಪಡಿಸುತ್ತಿದ್ದೆ. ವಿದ್ಯುತ್ ಒಲೆಯ ಹದವಾದ ಶಾಖದಲ್ಲಿ ಅರ್ಧ ಪುಡಿ ಒಣಗಿಸುವಷ್ಟರಲ್ಲಿ ಕರೆಂಟು ಹೋಯಿತು. ಉಳಿದರ್ಧವನ್ನು ನಮ್ಮ ಆಲೆಮನೆಯ ಕೆಂಡದ ಮೇಲಿಟ್ಟೆ. ನೀರಲ್ಲಿ ಮುಳುಗಿಸಿ ಬ್ಯಾಟರಿ ಜೋಡಿಸಿದಾಗ ಮೊದಲರ್ಧ ಬಳಿದ ತಗಡಿನಿಂದ ಗುಳ್ಳೆಗಳೆದ್ದವು; ಕೆಂಡದಲ್ಲಿ ಒಣಗಿದ್ದನ್ನು ಬಳಿದ ತಗಡಿನಿಂದ, ಅದೇ ಬ್ಯಾಟರಿಗೆ, ಒಂದು ಗುಳ್ಳೆಯೂ ಏಳಲಿಲ್ಲ. ಪ್ರದರ್ಶನ ಮರುದಿನವೇ ಇತ್ತು.

“ಸರ್, ಹಾಳಾತು. ಚೆಲ್ಬಿಡ್ತೆ.”

“ಹಾಳಾಯ್ದಿಲ್ಲೆ ತಂಗಿ. ಕೆಂಡ ಎಷ್ಟಿತ್ತು ಹೇಳು.” ಅವರ ಅಂಗೈಗಳು ಒಂದಕ್ಕೊಂದು ಅಂಟಿದವು. “ಕೆಂಡದ ಕಾವಿಗೆ ಪುಡಿಯ ಪದರ ಒತ್ತೊತ್ತಿ ಕುಂತ್ರೆ ನೀರಿಗೆ ಜಾಗ ಎಲ್ಲಿದ್ದು?”

ಮರುದಿನ ಎರಡೂ ತಗಡುಗಳನ್ನು ಒಂದೊಂದು ಲೋಟದ ನೀರಿನಲ್ಲಿಟ್ಟು, ಒಂದೇ ಹೆಸರಿನ ಚೀಟಿ ಅಂಟಿಸಿ ಅವರು ಅಕ್ಕಪಕ್ಕ ಇರಿಸಿದರು. ಜನ ಮುತ್ತಿಕೊಂಡದ್ದು ಗುಳ್ಳೆ ಏಳದ ಲೋಟವನ್ನು. ಕಾರಣ ವಿವರಿಸಲು, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದುಕೊಟ್ಟಿದ್ದ ನನ್ನ ಮಾತುಗಳು ಸಾಲಲಿಲ್ಲ. ನನ್ನ ಅಂಗೈಗಳು ತಾವಾಗಿಯೇ, ತುಸು ಅಂತರದಲ್ಲಿ, ಮೇಲೆದ್ದವು.