ನ್ಯಾಮ್‌ಜಾವನ ಸಾವಿರ ತಲೆ

ನಮ್ಮ ತಾಲೂಕಿನಲ್ಲಿ ಮನುಷ್ಯರು ಎರಡು ಸಾವಿರದ ನೂರ ನಲವತ್ತು, ಜಾನುವಾರು ಒಂದು ಲಕ್ಷದ ಎಪ್ಪತ್ತೆರಡು ಸಾವಿರ. ಮತ ಹಾಕುವ ಹಕ್ಕು ಮೊದಲಿನವರಿಗಷ್ಟೇ ಇರುವುದರಿಂದ ರಸ್ತೆ ಇನ್ನೂ ಬಂದಿಲ್ಲ. ಬಂದರೂ ಅದು ಎಲ್ಲಿಗೆ ಹೋಗಬೇಕು ಎನ್ನುವುದು ಬೇರೆ ಪ್ರಶ್ನೆ. ಮಂಗೋಲಿಯಾಕ್ಕೆ ನೆರೆಯವರು ಇಬ್ಬರೇ. ಕಡಲು ನೋಡಬೇಕೆಂದರೆ ಇಬ್ಬರಲ್ಲಿ ಒಬ್ಬರ ಅಂಗಳ ದಾಟಲು ಅಪ್ಪಣೆ ಕೇಳಬೇಕು. ಪೆಟ್ರೋಲು ಉತ್ತರದವರು ಕೊಟ್ಟಾಗ ಬರುತ್ತದೆ, ಮೇಕೆಯ ಉಣ್ಣೆ ದಕ್ಷಿಣದವರು ಕೇಳಿದಾಗ ಹೋಗುತ್ತದೆ. ನಡುವೆ ಉಳಿದದ್ದನ್ನೆಲ್ಲ ಆಳಲು ರಾಜಧಾನಿಯಲ್ಲಿ ಒಂದು ಸಂಸತ್ತಿದೆ.

ಸರ್ಕಾರಕ್ಕೆ ಕುರಿಗಾಹಿಗಳ ಮೇಲೆ ಪ್ರೀತಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಒಂದು ಇಲಾಖೆ ಸಾವಿರ ತಲೆ ಜಾನುವಾರು ಮಾಡಿದವನಿಗೆ ಪದಕ ಕೊಡುತ್ತದೆ. ಇನ್ನೊಂದು ಇಲಾಖೆ ತಲೆಗಿಷ್ಟು ಎಂದು ಕಂದಾಯ ಹಾಕುತ್ತದೆ. ಜಾನುವಾರು ಹೆಚ್ಚಾಗಿ ಹುಲ್ಲುಗಾವಲು ಸವೆದುಹೋಯಿತೆಂದು ಮೂರನೆಯದು ವರ್ಷಕ್ಕೆರಡು ಸಲ ವಿಚಾರಸಂಕಿರಣ ನಡೆಸಿ ಅಲ್ಲಿ ಕುರಿಮಾಂಸ ಬಡಿಸುತ್ತದೆ. ಮೂರೂ ನಮ್ಮ ತಾಲೂಕು ಕೇಂದ್ರದ ಒಂದೇ ಕಟ್ಟಡದಲ್ಲಿವೆ. ನಾನು ಆ ಕಟ್ಟಡದ ಹಿಂಬದಿಯ ಕೋಣೆಯ ಪಶುವೈದ್ಯ. ಇಪ್ಪತ್ತೊಂದು ವರ್ಷಗಳಿಂದ ಇಲ್ಲಿದ್ದೇನೆ. ನ್ಯಾಮ್‌ಜಾವ್ ನನಗೆ ಪರಿಚಯವಾದದ್ದು ಹಾಗೆ.

ಅವನಿಗೆ ಈಗ ಅರವತ್ತಮೂರು. ಕುಳ್ಳು, ಬಿಲ್ಲುಗಾಲು, ಎಡಗಿವಿಯ ತುದಿ ಚಳಿಗೆ ಸತ್ತು ಉದುರಿಹೋಗಿದೆ. ಸಹಕಾರಿ ಸಂಘದ ಕಾಲದಲ್ಲಿ ಸರ್ಕಾರದ ಕುರಿ ಕಾಯ್ದ. ಆ ಸರ್ಕಾರವೇ ಬಿದ್ದುಹೋದಾಗ ಅವನ ಪಾಲಿಗೆ ಐವತ್ತೆರಡು ತಲೆ ಬಂದವು. ಅವು ಆರುನೂರಾದವು. 2010ರ ಚಳಿಗಾಲದಲ್ಲಿ ಹಿಮ ಗಟ್ಟಿಯಾಗಿ ಅಡಿಯ ಹುಲ್ಲು ಕುರಿಗಳಿಗೆ ಸಿಗಲೇ ಇಲ್ಲ. ವಸಂತಕ್ಕೆ ಉಳಿದದ್ದು ನಲವತ್ತಮೂರು. ಆ ಏಪ್ರಿಲಿನಲ್ಲಿ ತಾಲೂಕಿನ ಸಭಾಂಗಣದಲ್ಲಿ 'ಜಾನುವಾರು ಕಳೆದುಕೊಂಡ ಕುಟುಂಬಗಳು' ಎಂಬ ಪಟ್ಟಿಯನ್ನು ಧ್ವನಿವರ್ಧಕದಲ್ಲಿ ಓದಿ, ಹಿಟ್ಟು ಹಂಚಿದರು. ನ್ಯಾಮ್‌ಜಾವನ ಹೆಸರು ಹನ್ನೊಂದನೆಯದು. ಅವನು ಎದ್ದುಹೋಗಿ ಮೂಟೆ ಹೊತ್ತು ತಂದ. ಅದೇ ಧ್ವನಿವರ್ಧಕದಲ್ಲಿ 'ಸಾವಿರ ತಲೆಯ ಕುರಿಗಾಹಿಗಳು' ಎಂಬ ಪಟ್ಟಿಯನ್ನೂ ಓದುತ್ತಾರೆ. ಅದರಲ್ಲಿ ತನ್ನ ಹೆಸರು ಒಂದು ಸಲ ಕೇಳಬೇಕು ಎಂಬುದು ಅಂದಿನಿಂದ ಅವನ ಹಟ.

ಈ ಹಟಕ್ಕೆ ತುಪ್ಪ ಸುರಿದವನು ಅವನ ಹೆಂಡತಿ ದುಲ್ಮಾಳ ತಮ್ಮ ಶರಾವ್. ಶರಾವ್ ಮೂರು ವರ್ಷದ ಹಿಂದೆಯೇ ಪದಕ ಹೊಡೆದಿದ್ದ. ಎಣಿಕೆಯ ಹಿಂದಿನ ದಿನ ಅವನ ದೊಡ್ಡಿಗೆ ನೆಂಟರಿಷ್ಟರ ಮೇಕೆಗಳು ಬಂದು, ಎಣಿಕೆ ಮುಗಿಸಿಕೊಂಡು ಮನೆಗೆ ಹೋದವು. ಅದರಲ್ಲಿ ನಲವತ್ತು ಮೇಕೆ ನ್ಯಾಮ್‌ಜಾವನವೇ.

"ಭಾವ, ನಂದೊಂದು ಐವತ್ತು ತಗೊಂಡ್ ಬಿಟ್ಕೋ, ಈ ವರ್ಷಾನೇ ಮುಗಿಸ್ಬಿಡು," ಎಂದು ಶರಾವ್ ಪ್ರತಿ ಡಿಸೆಂಬರಿನಲ್ಲಿ ಹೇಳುತ್ತಿದ್ದ.

"ನಿನ್ ಮೇಕೆ ನಿನ್ ಥರಾನೇ ಕಣೋ. ಎಲ್ಲಿ ಮೇವಿದ್ಯೋ ಅಲ್ಲಿಗೆ ಹೋಗಿ ನಿಂತ್ಕೊಳ್ತವೆ," ಎಂದು ನ್ಯಾಮ್‌ಜಾವ್ ಬೇಡವೆನ್ನುತ್ತಿದ್ದ.

ಹೋದ ವರ್ಷದ ಎಣಿಕೆಯಲ್ಲಿ ಅವನದು ಒಂಬೈನೂರ ನಲವತ್ತೆಂಟು. ಈ ವರ್ಷ ಮರಿಗಳು ಚೆನ್ನಾಗಿ ಉಳಿದವು. ಶರತ್ಕಾಲಕ್ಕೆ ಅವನು ಲೆಕ್ಕ ಹಾಕಿ ಒಂದು ನಿರ್ಧಾರಕ್ಕೆ ಬಂದ: ಡಿಸೆಂಬರ್ ಎಣಿಕೆಯವರೆಗೆ ಒಂದು ತಲೆಯನ್ನೂ ಮಾರುವುದಿಲ್ಲ, ಕಡಿಯುವುದಿಲ್ಲ. ನವೆಂಬರಿನಲ್ಲಿ ಊರಿಗೆ ಊರೇ ಚಳಿಗಾಲದ ಮಾಂಸ ಮಾಡಿಕೊಳ್ಳುವಾಗ ಇವನ ಮನೆಯಲ್ಲಿ ಚೂರಿ ಒರೆಯಲ್ಲೇ ಇತ್ತು. ರಾಜಧಾನಿಯಲ್ಲಿದ್ದ ಮಗಳಿಗೆ ಪ್ರತಿ ವರ್ಷ ಹೋಗುತ್ತಿದ್ದ ಮಾಂಸದ ಮೂಟೆ ಹೋಗಲಿಲ್ಲ. ಅವಳು ಫೋನು ಮಾಡಿ, ಅಪ್ಪನಿಗೆ ಹುಷಾರಿಲ್ಲವೇ ಎಂದು ಕೇಳಿದಳಂತೆ.

"ಹುಷಾರಾಗೇ ಇದಾನೆ," ಎಂದಳಂತೆ ದುಲ್ಮಾ, "ಸಾವಿರ ಕುರಿ ಮಧ್ಯ ಕೂತ್ಕೊಂಡು ಬರೀ ಹಿಟ್ಟಿನ ಗಂಜಿ ಕುಡೀತಾ ಇದಾನೆ. ನಾನೂ ಕುಡೀತಾ ಇದೀನಿ."

ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿತ್ತು. ನಮ್ಮ ಕಡೆ ಕುರಿಗಾಹಿ ಎಣಿಸುವುದಿಲ್ಲ. ಬಣ್ಣ, ಕಿವಿ, ನಡಿಗೆ ನೋಡಿ ಯಾವುದು ಬಂದಿಲ್ಲ ಎಂದು ಹೇಳುತ್ತಾನೆ. ನ್ಯಾಮ್‌ಜಾವ್ ಆ ವಿದ್ಯೆಯಲ್ಲಿ ಹೆಸರಾದವನು. ಈ ವರ್ಷ ಅವನು ಬೆಳಗ್ಗೆ ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು, ತುಟಿ ಅಲ್ಲಾಡಿಸುತ್ತ, ಬೆರಳು ಮಡಚುತ್ತ ಎಣಿಸತೊಡಗಿದ. ಡಿಸೆಂಬರಿಗೆ ಕುರಿ ಐನೂರ ಹನ್ನೆರಡು, ಮೇಕೆ ಮುನ್ನೂರ ತೊಂಬತ್ತೊಂದು, ಕುದುರೆ ಅರವತ್ತೊಂದು, ದನ ಮೂವತ್ತಾರು. ಕೂಡಿಸಿ ನೋಡಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಎಣಿಕೆಯ ತಂಡ ಬಂದದ್ದು ಒಂದು ಗುರುವಾರ ಮಧ್ಯಾಹ್ನ ಮೂರೂವರೆಗೆ. ಜೀಪಿನಲ್ಲಿ ಉಪ ಆಡಳಿತಾಧಿಕಾರಿ ಬಾಯರ್ಹೂ, ಒಬ್ಬ ಗುಮಾಸ್ತ, ಚಾಲಕ, ಹಿಂದಿನ ಸೀಟಿನಲ್ಲಿ ದಾಖಲೆಪುಸ್ತಕದ ಪಕ್ಕ ನಾನು. ಅಲ್ಲಿನ ಒಂದು ಹಸುವಿನ ಗೊರಸು ನೋಡಬೇಕಿತ್ತು.

"ನಾಯಿ ಹಿಡ್ಕೊಳ್ರಪ್ಪೋ!" ಎಂದು ಬಾಯರ್ಹೂ ಜೀಪಿನೊಳಗಿಂದಲೇ ಕೂಗಿದ.

ಗೆರ್ ಎಂಬ ಕಂಬಳಿಯ ದುಂಡುಡೇರೆಯೊಳಗೆ ಹೋಗಿ, ಬೆರಣಿಯ ಒಲೆಯ ಸುತ್ತ ಕುಳಿತು, ನಶ್ಯದ ಕುಪ್ಪಿಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಚಳಿಗಾಲ ಸುಖವಾಗಿ ಕಳೆಯುತ್ತಿದೆಯೇ, ದನಕುರಿ ಮೈತುಂಬಿಕೊಂಡಿವೆಯೇ ಎಂದು ವಿಚಾರಿಸಿದ್ದಾಯಿತು. ಉಪ್ಪು ಹಾಕಿದ ಹಾಲುಚಹಾ ಬಂತು. ಬಾಯರ್ಹೂ ಟೊಪ್ಪಿ ತೆಗೆದಿಟ್ಟು, ಬೆಲ್ಟಿನ ಕೊಂಡಿ ಒಂದು ತೂತು ಸಡಿಲಿಸಿ, ಆರಾಮಾಗಿ ಕುಳಿತ. ಇಂಥ ಅತಿಥಿ ಬಂದಾಗ ಮನೆಯ ಯಜಮಾನ ಎದ್ದು ಹೊರಗೆ ಹೋಗಬೇಕು, ಕೊಬ್ಬಿದ ಕುರಿಯೊಂದನ್ನು ಹಿಡಿಯಬೇಕು. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಎಲ್ಲರೂ ಬಾಗಿಲು ನೋಡುತ್ತಾರೆ, ಅಷ್ಟೇ.

ನಾವೆಲ್ಲ ಬಾಗಿಲು ನೋಡಿದೆವು. ನ್ಯಾಮ್‌ಜಾವ್ ಒಲೆ ನೋಡಿದ.

"ಸಾಹೇಬ್ರೇ," ಎಂದ ಕೊನೆಗೆ, "ಇನ್ನೊಂದ್ ಗಂಟೇಲಿ ಕುರಿ ವಾಪಸ್ ಬರ್ತವೆ. ಒಳಗ್ ಹೋಗೋವಾಗ್ಲೇ ಎಣಿಸ್ಬಿಡಿ. ಎಣಿಸಿ ಮೊಹರು ಹಾಕಿದ್ ತಕ್ಷಣ, ನೀವೇ ಬೆರಳು ತೋರ್ಸಿ, ಯಾವ್ದು ಬೇಕೋ ಅದನ್ನೇ ಕಡೀತೀನಿ."

"ನಮೂನೇಲಿ 'ಬೆಳಗ್ಗೆ ದೊಡ್ಡಿಯಿಂದ ಹೊರಡುವಾಗ' ಅಂತಿದ್ಯಲ್ಲಪ್ಪ," ಎಂದ ಬಾಯರ್ಹೂ. "ಕುದುರೆ ಎಷ್ಟು?"

"ಅರವತ್ತೊಂದು. ಆಚೆ ಕಣಿವೇಲಿವೆ."

"ಬರ್ಕೋ," ಎಂದು ಗುಮಾಸ್ತನಿಗೆ ಹೇಳಿದ. ಕುದುರೆ ದೊಡ್ಡಿಗೆ ಬರುವುದಿಲ್ಲ, ಅಧಿಕಾರಿ ಕುದುರೆಯ ಹತ್ತಿರ ಹೋಗುವುದಿಲ್ಲ. ಆದ್ದರಿಂದ ಕುದುರೆಗೆ ಯಜಮಾನನ ಮಾತೇ ದಾಖಲೆ. ಕುರಿಯ ವಿಷಯದಲ್ಲಿ ಮಾತ್ರ ಸರ್ಕಾರ ಯಾರನ್ನೂ ನಂಬುವುದಿಲ್ಲ.

ದುಲ್ಮಾ ಹೋದ ವರ್ಷದ ಒಣಮಾಂಸದ ಪುಡಿ ಉದುರಿಸಿ ಹಿಟ್ಟಿನೆಳೆಯ ಸಾರು ಮಾಡಿ ಬಡಿಸಿದಳು. ಅವಳ ಮುಖ ಒಲೆಯ ಕೆಂಡಕ್ಕಿಂತ ಕೆಂಪಾಗಿತ್ತು. ಬಾಯರ್ಹೂ ಬಟ್ಟಲಿನಲ್ಲಿ ಚಮಚ ತಿರುವಿ, ಏನೋ ಕಳೆದುಕೊಂಡವನಂತೆ ಹುಡುಕಿದ.

"ಲಘುವಾಗಿದೆ," ಎಂದ. "ಡಾಕ್ಟ್ರು ಹೇಳಿದ್ರು ನಂಗೆ, ಲಘುವಾಗಿ ತಿನ್ನಿ ಅಂತ."

ನಾನು ದನದ ಡಾಕ್ಟರು. ಹಾಗೇನೂ ಹೇಳಿರಲಿಲ್ಲ.

ಬಟ್ಟಲು ಕೆಳಗಿಟ್ಟವನೇ ಎದ್ದ. ಹನ್ನೆರಡು ಕಿಲೋಮೀಟರು ಆಚೆ ಶರಾವನ ಬಿಡಾರ. ಅಲ್ಲಿ ಕಾಗದಪತ್ರದ ಕೆಲಸವಿದೆ, ಬೆಳಗ್ಗೆ ಬೇಗ ವಾಪಸ್ ಬಂದು ಎಣಿಸುತ್ತೇನೆ ಎಂದ. ನಾನು ಗೊರಸಿನ ನೆಪ ಹೇಳಿ ಉಳಿದುಕೊಂಡೆ. ಜೀಪಿನ ಸದ್ದು ಗುಡ್ಡದ ಹಿಂದೆ ಅಡಗಿದ ಮೇಲೆ ದುಲ್ಮಾ ಬಾಯಿ ತೆಗೆದಳು.

"ನಲವತ್ ವರ್ಷ ಈ ಒಲೆ ಮುಂದೆ ಕೂತಿದೀನಿ. ಬಂದೋರು ಹಸ್ಕೊಂಡು ಎದ್ದೋಗಿದ್ದು ಇವತ್ತೇ. ಮುದುಕಾ, ನಿಂಗೆ ಪದಕ ಕೊಡ್ತಾರೋ ಇಲ್ವೋ, ಹೆಸರಂತೂ ಇಡ್ತಾರೆ."

"ಒಂದೇ ರಾತ್ರಿ ಕಣೆ ಮುದುಕಿ. ನಾಳೆ ಎರಡು ಕಡೀತೀನಿ."

"ಕಡಿ. ಒಂದನ್ನ ಅವರಿಗೆ, ಇನ್ನೊಂದನ್ನ ನಿನ್ ಮರ್ಯಾದೆ ತಿಥಿಗೆ."

ಮರುದಿನ ಬೆಳಗ್ಗೆ ಮೈನಸ್ ಮೂವತ್ತನಾಲ್ಕು. ಸೂರ್ಯ ಮೂಡಿದ್ದು ಎಂಟೂಮುಕ್ಕಾಲಕ್ಕೆ. ಡಿಸೆಂಬರಿನಲ್ಲಿ ಕುರಿಗೆ ಮೇಯಲು ಸಿಗುವುದೇ ಏಳು ಗಂಟೆ ಹೊತ್ತು. ಒಂಬತ್ತೂವರೆಗೆ ದೊಡ್ಡಿಯ ಬಾಗಿಲು ತೆರೆಯಬೇಕು. ನ್ಯಾಮ್‌ಜಾವ್ ತೆರೆಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ದಾರಿ ನೋಡುತ್ತ ನಿಂತ. ಹತ್ತಾಯಿತು. ಶರಾವನ ಮನೆಯಲ್ಲಿ ಕಾಗದಪತ್ರದ ಕೆಲಸ ಬಾಟಲಿಗಟ್ಟಲೆ ನಡೆದಿರಬೇಕು, ದಾರಿಯಲ್ಲಿ ಧೂಳಿಲ್ಲ, ಸದ್ದಿಲ್ಲ. ಹತ್ತೂವರೆಗೆ ದೊಡ್ಡಿಯಲ್ಲಿ ಒಂಬೈನೂರ ಮೂರು ಗಂಟಲುಗಳೂ ಒಟ್ಟಿಗೆ ಕೂಗತೊಡಗಿದವು.

"ಸೂರ್ಯಂಗೂ ನಿಲ್ಲು ಅಂತ ಅರ್ಜಿ ಕೊಟ್ಟಿದೀಯಾ?" ಎಂದು ದುಲ್ಮಾ ಗೆರ್ ಬಾಗಿಲಿಂದ ಕೇಳಿದಳು.

"ಇನ್ನೇನ್ ಬಂದ್ಬಿಡ್ತಾರೆ."

ಅವನು ಮತ್ತೆ ಎಣಿಸತೊಡಗಿದ. ತುಟಿ ಅಲ್ಲಾಡುತ್ತಿತ್ತು. ನಾನು ಗಡಿಯಾರ ನೋಡಿಕೊಂಡೆ, ಹನ್ನೊಂದಕ್ಕೆ ಹತ್ತು ನಿಮಿಷ. ಆಗ ಬೇಲಿಯ ಮೂಲೆಯಲ್ಲಿ ಒಂದು ಬೂದು ಬಣ್ಣದ ಗಬ್ಬದ ಕುರಿ, ಪಕ್ಕದ ಕುರಿಯ ಬೆನ್ನಿನ ಉಣ್ಣೆಯನ್ನು ಬಾಯಿಂದ ಹಿಡಿದು ಎಳೆದು ಅಗಿಯಿತು. ಹಸಿದ ಕುರಿ ಹಾಗೆ ಮಾಡುತ್ತದೆ. ನನಗೆ ಅದು ಪಠ್ಯಪುಸ್ತಕದಲ್ಲಿ ಓದಿದ ಸಂಗತಿ. ನ್ಯಾಮ್‌ಜಾವ್ ಅದನ್ನು 2010ರ ಫೆಬ್ರವರಿಯಲ್ಲಿ ದಿನಾ ನೋಡಿದ್ದ.

ಅವನ ತುಟಿ ನಿಂತಿತು. ಎಷ್ಟಕ್ಕೆ ನಿಂತಿತೋ ಗೊತ್ತಿಲ್ಲ.

"ಡಾಕ್ಟ್ರೇ, ಆ ಕಡೆ ಸರ್ಕೊಳ್ಳಿ," ಎಂದ. ಅಗುಳಿ ಎಳೆದು ಬಾಗಿಲು ಪೂರ್ತಿ ತೆರೆದುಬಿಟ್ಟ.

"ಸ್ವಲ್ಪ ತಡೀಬಹುದಿತ್ತೇನೋ..." ಎಂದೆ ನಾನು.

"ಅವು ಬಸ್ರಿಯರು. ಕಚೇರಿ ವೇಳೆ ಅವಕ್ಕೆ ಗೊತ್ತಾಗಲ್ಲ."

ಕುರಿಗಳು ನುಗ್ಗಿಕೊಂಡು ಹೊರಟವು. ನಾನು ಒಂದು ಬದಿಗೆ ನಿಂತು, ಕಲಿತ ವಿದ್ಯೆಯಂತೆ ಐದೈದಾಗಿ ಎಣಿಸಿದೆ: ಒಂಬೈನೂರ ಮೂರು. ಅವನು ಎಣಿಸಲಿಲ್ಲ. ಸುಮ್ಮನೆ ನೋಡುತ್ತ ನಿಂತಿದ್ದ. ಬಾಗಿಲು ಖಾಲಿಯಾದಾಗ, "ಆ ಬಿಳಿ ಮೂತಿಯ ಎರಡು ವರ್ಷದ್ದು ಹಿಂಗಾಲು ಎಳೀತಿದೆ. ವಾರದಿಂದ ಎಳೀತಿರ್ಬೇಕು. ನಾನು ನೋಡೇ ಇಲ್ಲ," ಎಂದ. ಅವನ ದನಿಯಲ್ಲಿ ನಾಚಿಕೆಯಿತ್ತು.

ಜೀಪು ಬಂದದ್ದು ಹನ್ನೆರಡೂ ಇಪ್ಪತ್ತಕ್ಕೆ. ಬಾಯರ್ಹೂವಿನ ಕಣ್ಣು ಊದಿಕೊಂಡಿತ್ತು, ಮೀಸೆಯಲ್ಲಿ ಕೊಬ್ಬು ಹೆಪ್ಪುಗಟ್ಟಿತ್ತು. ದೊಡ್ಡಿಯೊಳಗೆ ಇಣುಕಿದ.

"ಏನಪ್ಪಾ ಇದು, ಎಲ್ಲಿ ಕುರಿ?"

"ಮೇಯೋಕ್ ಹೋದ್ವು ಸಾಹೇಬ್ರೇ. ದೊಡ್ಡೀಲಿ ಈಗ ಬರೀ ಹಿಕ್ಕೆ ಇದೆ."

"ಹಿಕ್ಕೆಗೆ ನಮೂನೇಲಿ ಕಾಲಂ ಇಲ್ಲ," ಎಂದ ಗುಮಾಸ್ತ. ಅವನು ತಮಾಷೆ ಮಾಡುತ್ತಿರಲಿಲ್ಲ.

"ಹೊರಡೋವಾಗ ನಾನು ಎಣಿಸಿದೀನಿ," ಎಂದೆ. "ಒಂಬೈನೂರ ಮೂರು. ಕುದುರೆ, ದನ ಸೇರಿದ್ರೆ ಸರಿಯಾಗಿ ಸಾವಿರ."

"ನೀವು ಎಣಿಕೆದಾರರಲ್ಲ ಡಾಕ್ಟ್ರೇ. ನೇಮಕದ ಆದೇಶ ಬೇಕು," ಎಂದ ಬಾಯರ್ಹೂ, ನನ್ನ ಮೇಲೆ ಕನಿಕರಪಟ್ಟು. ಇಪ್ಪತ್ತೊಂದು ವರ್ಷದಲ್ಲಿ ಆ ಕುರಿಗಳಿಗೆ, ಅವುಗಳ ಅಜ್ಜಿಯರಿಗೆ ನಾನು ಎಷ್ಟು ಚುಚ್ಚುಮದ್ದು ಕೊಟ್ಟಿದ್ದೇನೆಂಬ ಲೆಕ್ಕ ಅವರದೇ ಕಚೇರಿಯಲ್ಲಿದೆ. ಅದು ಬೇರೆ ನಮೂನೆ.

"ಹಂಗಾದ್ರೆ ಸಂಜೆವರೆಗೂ ಇರಿ," ಎಂದಳು ದುಲ್ಮಾ. "ನಾಲ್ಕೂವರೆಗೆ ಬರ್ತವೆ."

"ಎಲ್ಲಮ್ಮ ಪುರುಸೊತ್ತು? ಇನ್ನೂ ಹನ್ನೊಂದು ಮನೆ ಇದೆ. ಸರ್ಕಾರಿ ಕೆಲಸ ಕಾಯುತ್ತಾ?" ಬಾಯರ್ಹೂ ಗುಮಾಸ್ತನ ಕಡೆ ತಿರುಗಿದ. "ಎಣಿಕೆ ಆಗದಿದ್ರೆ ಹೋದ ವರ್ಷದ ಅಂಕಿ. ಎಷ್ಟಿತ್ತು?"

"ಒಂಬೈನೂರ ನಲವತ್ತೆಂಟು."

ಎಲ್ಲರೂ ನ್ಯಾಮ್‌ಜಾವನ ಮುಖ ನೋಡಿದೆವು. ಅವನು ಟೊಪ್ಪಿ ತೆಗೆದು, ಒಳಗಿನ ಹಿಮ ಕೊಡವಿ, ಮತ್ತೆ ಹಾಕಿಕೊಂಡ.

"ಹಾಕಿ ಮೊಹರು," ಎಂದ.

ಮೊಹರು ಚಳಿಗೆ ಗಟ್ಟಿಯಾಗಿತ್ತು. ಗುಮಾಸ್ತ ಅದಕ್ಕೆ ನಾಲ್ಕು ಸಲ ಬಿಸಿಯುಸಿರು ಊದಿ ಒತ್ತಿದ. ಪುಸ್ತಕ ಮುಚ್ಚಿದ ಮೇಲೆ ನ್ಯಾಮ್‌ಜಾವ್ ದೀರ್ಘವಾಗಿ ಉಸಿರುಬಿಟ್ಟ, ನಗುತ್ತ ಬಾಯರ್ಹೂವಿನ ತೋಳು ಹಿಡಿದ.

"ಈಗ ಒಳಗ್ ಬನ್ನಿ ಸಾಹೇಬ್ರೇ. ನಿನ್ನೆ ಹಸ್ಕೊಂಡ್ ಕಳ್ಸಿದೆ, ತಪ್ಪಾಯ್ತು. ಹೋಗಿ ಒಂದು ಒಳ್ಳೇ ಟಗರು ತರ್ತೀನಿ."

ಬಾಯರ್ಹೂ ಗಡಿಯಾರ ನೋಡಿದ. ಹನ್ನೊಂದು ಮನೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ನೋಡಿದ. "ನೀನು ಇಷ್ಟು ಹೇಳ್ದಾಗ ಬೇಡ ಅನ್ನೋಕಾಗುತ್ತಾ?" ಎಂದ. ಬೆಲ್ಟಿನ ಕೊಂಡಿಗೆ ಕೈ ಹೋಯಿತು.

ನ್ಯಾಮ್‌ಜಾವ್ ಕುದುರೆ ಹತ್ತಿ ಹೋದವನು ಒಂದು ಗಂಟೆಯಲ್ಲಿ ಬೀಜ ಹೊಡೆದ ಕೊಬ್ಬಿದ ಟಗರನ್ನು ಜೀನಿಗೆ ಅಡ್ಡ ಹಾಕಿಕೊಂಡು ಬಂದ. ಸುಲಿದು, ತೊಳೆದು, ಬೇಯಿಸಿ ಮುಗಿಸುವ ಹೊತ್ತಿಗೆ ನಾಲ್ಕು. ಎಲ್ಲರೂ ತಿಂದೆವು. ಮೂರು ತಿಂಗಳ ಮೇಲೆ ತಾಜಾ ಮಾಂಸ ಕಂಡಿದ್ದ ದುಲ್ಮಾ ಎಲ್ಲರಿಗೂ ತಾನೇ ಕುಯ್ದು ಬಡಿಸಿದಳು. ಬಾಲದ ಕೊಬ್ಬು ಕುಯ್ಯುವಾಗ ಮಾತ್ರ ಮೊದಲ ತುಂಡನ್ನು ಅಧಿಕಾರಿಗೆ ಕೊಡದೆ, ಎಡಗೈಯಿಂದ ಗಂಡನ ಬಟ್ಟಲಿಗೆ ಹಾಕಿದಳು. ಅಂಥ ಉದ್ಧಟತನ ನಮ್ಮ ಕಡೆ ಯಾರೂ ಮಾಡುವುದಿಲ್ಲ. ನಾವೆಲ್ಲ ನೋಡದವರಂತೆ ನಟಿಸಿದೆವು.

ನಾಲ್ಕೂವರೆಗೆ ಹೊರಗೆ ಗೊರಸುಗಳ ಸದ್ದು. ಬಾಯರ್ಹೂ ಕೈಯಲ್ಲಿ ಪಕ್ಕೆಲುಬು ಹಿಡಿದುಕೊಂಡೇ ಬಾಗಿಲ ಪರದೆ ಸರಿಸಿ ನಿಂತ. ಹಿಂಡು ಇಳಿಬಿಸಿಲಿನಲ್ಲಿ ಆವಿಬಿಡುತ್ತ, ಹೊಟ್ಟೆ ತುಂಬಿಕೊಂಡು, ಅವನ ಮುಂದೆಯೇ ಸಾಲಾಗಿ ದೊಡ್ಡಿಯೊಳಗೆ ಹೋಯಿತು. ಎಣಿಸಲು ಇದಕ್ಕಿಂತ ಚೆನ್ನಾಗಿ ಯಾವ ಕುರಿಯೂ ನಡೆಯಲಾರದು.

"ಏನ್ ಹಿಂಡಪ್ಪಾ ನಿಂದು!" ಎಂದ ಬಾಯರ್ಹೂ, ಮನಸಾರೆ. "ನೋಡಿದ್ರೆ ಸಾವಿರ ಇರೋ ಹಂಗಿದೆ."

"ಒಂದು ಕಡಿಮೆ ಸಾಹೇಬ್ರೇ," ಎಂದ ನ್ಯಾಮ್‌ಜಾವ್. ಬಿಳಿ ಮೂತಿಯದನ್ನು ಹಿಡಿಯಲು ನನ್ನನ್ನು ಕರೆಯುತ್ತ ದೊಡ್ಡಿಯ ಕಡೆ ನಡೆದ.